ಟೋರಿಕ್ ಲೆನ್ಸ್‌ನಿಂದ ಲೇಸರ್‌ಗೆ: ಕಾರ್ನಿಯಾ 518 ಮೈಕ್ರಾನ್ ಇದ್ದರೆ ಯಾವುದು ಹೊಂದುತ್ತೆ?

ಮೈನಸ್_ಐದೂಕಾಲು (ಪ್ರಶ್ನೆ)

ನಮಸ್ಕಾರ. ವಯಸ್ಸು 26. ಕನ್ನಡಕದ ಪವರ್ ಬಲಗಣ್ಣಿಗೆ −5.25 / −1.00 × 170, ಎಡಗಣ್ಣಿಗೆ −4.75 / −1.50 × 10. ಎರಡು ವರ್ಷದಿಂದ ಪವರ್ ಬದಲಾಗಿಲ್ಲ. ಬಳಸುತ್ತಿರುವುದು ತಿಂಗಳಿಗೊಮ್ಮೆ ಬದಲಿಸುವ ಸಾಫ್ಟ್ ಟೋರಿಕ್ ಕಾಂಟ್ಯಾಕ್ಟ್ ಲೆನ್ಸ್ (ಒಂದು ದಿಕ್ಕಿನ ಹೆಚ್ಚುವರಿ ಪವರನ್ನೂ ಸರಿಪಡಿಸುವಂಥದ್ದು), ದಿನಕ್ಕೆ ಹತ್ತು ಹನ್ನೊಂದು ಗಂಟೆ. ಸಂಜೆ ಆಗುತ್ತಿದ್ದಂತೆ ಕಣ್ಣು ಒಣಗಿ ಉರಿ, ಅಕ್ಷರ ಒಮ್ಮೆ ಸ್ಪಷ್ಟ ಒಮ್ಮೆ ಮಸುಕು.

ಲೇಸರ್ ಮಾಡಿಸಬಹುದಾ ಎಂದು ತಪಾಸಣೆ ಮಾಡಿಸಿದ್ದೇನೆ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ ಬಲಗಣ್ಣು 518, ಎಡಗಣ್ಣು 521 ಮೈಕ್ರಾನ್. ಟೋಪೋಗ್ರಫಿ (ಕಾರ್ನಿಯಾ ಆಕಾರದ ನಕ್ಷೆ) ವರದಿಯಲ್ಲಿ ‘ನಾರ್ಮಲ್’ ಎಂದಷ್ಟೇ ಇದೆ. ಅಳತೆ ತೆಗೆದದ್ದು ಲೆನ್ಸ್ ಬಿಟ್ಟ ನಾಲ್ಕನೇ ದಿನ. ಒಬ್ಬ ವೈದ್ಯರು ಲೇಸಿಕ್ ಎಂದರು, ಇನ್ನೊಬ್ಬರು ಸ್ಮೈಲ್, ಮತ್ತೊಬ್ಬರು ಪಿಆರ್‌ಕೆ. ಮೂವರ ಮಾತೂ ಬೇರೆ ಬೇರೆ ಯಾಕೆ? ಈ ಅಂಕಿಗಳನ್ನು ಇಟ್ಟುಕೊಂಡು ಯಾವುದು ಸುರಕ್ಷಿತ ಎಂದು ಲೆಕ್ಕ ಹಾಕುವುದು ಹೇಗೆ? ಆಪರೇಷನ್ನೇ ಬೇಡ ಎಂದಾದರೆ ಈ ಲೆನ್ಸ್‌ನಲ್ಲೇ ಸಂಜೆಯ ತೊಂದರೆ ಕಡಿಮೆ ಮಾಡಲು ದಾರಿ ಇದೆಯಾ?

ಕಾರ್ನಿಯಾ_ನಕ್ಷೆ

ಯಾವ ಆಪರೇಷನ್ ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಡಿ. ನಾಲ್ಕನೇ ದಿನದ ಅಳತೆಯ ಮೇಲೆ ಯಾವ ನಿರ್ಧಾರವನ್ನೂ ಮಾಡಬೇಡಿ. ಲೆನ್ಸ್ ಗಂಟೆಗಟ್ಟಲೆ ಕೂತ ಕಾರ್ನಿಯಾ ತನ್ನ ಸಹಜ ಆಕಾರದಲ್ಲಿ ಇರೋದಿಲ್ಲ. ಒಂದು ಕಡೆ ಲೆನ್ಸ್‌ನ ಒತ್ತಡ, ಇನ್ನೊಂದು ಕಡೆ ಆಮ್ಲಜನಕ ಕಡಿಮೆಯಾಗಿ ಬರುವ ಸಣ್ಣ ಊತ. ಊದಿದ ಕಾರ್ನಿಯಾ ದಪ್ಪ ಕಾಣುತ್ತೆ, ಅಂದರೆ ನಿಮ್ಮ 518 ನಿಜವಾಗಿ 510ರ ಆಸುಪಾಸು ಇದ್ದರೂ ಆಶ್ಚರ್ಯವಿಲ್ಲ. ಸಿಲಿಂಡರ್ (ಪವರ್ ಚೀಟಿಯ ಎರಡನೇ ಅಂಕಿ, ಒಂದು ದಿಕ್ಕಿನ ಹೆಚ್ಚುವರಿ ಪವರ್) ಮತ್ತು ಆಕ್ಸಿಸ್ (ಅದರ ಕೋನ, × ಆದ ಮೇಲಿನ ಅಂಕಿ) ಕೂಡ ಹಾಗೇ ಸರಿದಿರಬಹುದು.

ಸಾದಾ ಸಾಫ್ಟ್ ಲೆನ್ಸ್ ಆದರೆ ಒಂದರಿಂದ ಎರಡು ವಾರ ಬಿಡಬೇಕು. ಟೋರಿಕ್ ಆದ್ದರಿಂದ ನಿಮಗೆ ಎರಡು ವಾರ ಕನಿಷ್ಠ, ಮೂರು ವಾರ ಬಿಟ್ಟರೆ ಒಳ್ಳೆಯದು. ಗಟ್ಟಿ ಲೆನ್ಸ್ ಹಾಕುವವರಿಗೆ ಮೂರು ನಾಲ್ಕು ವಾರ, ಎಷ್ಟೋ ವರ್ಷ ಹಾಕಿದ್ದರೆ ಇನ್ನೂ ಹೆಚ್ಚು. ದಿನ ಎಣಿಸುವುದಕ್ಕಿಂತ ಪಕ್ಕಾ ಲಕ್ಷಣ ಇದು: ಒಂದು ವಾರದ ಅಂತರದಲ್ಲಿ ಎರಡು ಸಲ ಅಳೆಸಿ. ಪವರ್ ಮತ್ತು ಕಾರ್ನಿಯಾದ ಬಾಗು (ಎರಡನ್ನೂ ಅಳೆಯೋದು ಡಯಾಪ್ಟರ್‌ನಲ್ಲಿ) ಎರಡೂ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿಲ್ಲ ಅಂದರೆ ಕಣ್ಣು ತನ್ನ ಆಕಾರಕ್ಕೆ ಮರಳಿದೆ. ಬದಲಾಗಿದ್ದರೆ ಇನ್ನೊಂದು ವಾರ ಕಾಯಿರಿ. ನಡುವೆ ಯಾವುದೋ ಸಮಾರಂಭಕ್ಕೆ ಅಂತ ಒಂದು ದಿನ ಲೆನ್ಸ್ ಹಾಕಿದರೂ ಎಣಿಕೆ ಮೊದಲಿಂದ ಶುರು.

ಇನ್ನು ‘ನಾರ್ಮಲ್’ ಅನ್ನೋ ಒಂದೇ ಪದದ ವರದಿ. ಅದನ್ನು ಒಪ್ಪಿಕೊಳ್ಳಬೇಡಿ, ನಕ್ಷೆಗಳ ಬಣ್ಣದ ಪ್ರತಿ ಕೇಳಿ ತೆಗೆದುಕೊಳ್ಳಿ. ನೋಡಬೇಕಾದ್ದು ಇವು. ನಡುವಿನ ದಪ್ಪದ ಜೊತೆಗೆ ಅತಿ ತೆಳು ಜಾಗ ಎಲ್ಲಿದೆ, ಎಷ್ಟಿದೆ. ಅದು ನಡುವಿನಿಂದ ತುಂಬಾ ಕೆಳಕ್ಕೆ ಜಾರಿದ್ದರೆ ಎಚ್ಚರ. ಕಾರ್ನಿಯಾದ ಕೆಳಭಾಗ ಮೇಲ್ಭಾಗಕ್ಕಿಂತ 1.4 ಡಯಾಪ್ಟರ್‌ಗಿಂತ ಹೆಚ್ಚು ಕಡಿದಾಗಿದ್ದರೆ ಕೆರಟೋಕೋನಸ್‌ನ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ) ಅನುಮಾನ ಬರುತ್ತೆ. ನಡುವಿನ ಬಾಗು 47 ಡಯಾಪ್ಟರ್ ದಾಟಿದ್ದರೂ ಅಷ್ಟೇ. ಮತ್ತೆ, ಹಿಂಬದಿಯ ಮೇಲ್ಮೈಯ ಉಬ್ಬು. ರೋಗ ಶುರುವಾಗುವ ಹಂತದಲ್ಲಿ ಮುಂಬದಿ ಚೆನ್ನಾಗಿಯೇ ಕಾಣುತ್ತಾ ಹಿಂಬದಿ ಮಾತ್ರ ಉಬ್ಬಿರಬಹುದು. ಬರೀ ಉಂಗುರಗಳ ಪ್ರತಿಬಿಂಬ ನೋಡುವ ಹಳೆಯ ಯಂತ್ರಕ್ಕೆ ಹಿಂಬದಿ ಕಾಣೋದೇ ಇಲ್ಲ, ಅದಕ್ಕೆ ಎರಡೂ ಬದಿ ಅಳೆಯುವ ಟೋಮೋಗ್ರಫಿ ಬೇಕು.

ನಿಮ್ಮ ಅಂಕಿಗಳಲ್ಲಿ ಒಂದು ಒಳ್ಳೆಯ ಸೂಚನೆ ಇದೆ. ಆಕ್ಸಿಸ್ 170 ಮತ್ತು 10, ಅಂದರೆ ಎರಡು ಕಣ್ಣೂ ಒಂದಕ್ಕೊಂದು ಕನ್ನಡಿ ಬಿಂಬದ ಹಾಗಿವೆ. ಆರೋಗ್ಯವಂತ ಕಣ್ಣುಗಳು ಬಹುಪಾಲು ಹೀಗೇ ಇರುತ್ತವೆ. ಆದರೆ ಇದೊಂದರಿಂದ ಎಲ್ಲ ಸರಿ ಅಂತ ಅಲ್ಲ. ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದೆಯಾ, ಅಲರ್ಜಿಯಿಂದ ಕಣ್ಣು ಉಜ್ಜಿಕೊಳ್ಳುವ ಅಭ್ಯಾಸ ಇದೆಯಾ ಅನ್ನೋದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಉಜ್ಜುವ ಅಭ್ಯಾಸವನ್ನಂತೂ ಇವತ್ತೇ ಬಿಡಿ.

ಇನ್ನೊಂದು: ಪವರ್ ತಪಾಸಣೆಯನ್ನು ಹನಿ ಹಾಕಿ, ಕಣ್ಣು ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ತಡೆದ ಮೇಲೂ ಒಮ್ಮೆ ಮಾಡಿಸಬೇಕು. ನಿಮ್ಮ ವಯಸ್ಸಿನಲ್ಲಿ ಆ ಶಕ್ತಿ ಜೋರಾಗಿರೋದರಿಂದ ಮೈನಸ್ ಇರುವುದಕ್ಕಿಂತ ಹೆಚ್ಚು ಬಂದುಬಿಡಬಹುದು. ಅದನ್ನೇ ಲೇಸರ್‌ಗೆ ಕೊಟ್ಟರೆ ಆಮೇಲೆ ಕಣ್ಣು ಪ್ಲಸ್ ಕಡೆಗೆ ಹೋಗುತ್ತೆ. ಕತ್ತರಿಸಿದ ಅಂಗಾಂಶವನ್ನು ಮರಳಿ ತರಲು ಆಗೋದಿಲ್ಲ.

ಉಳಿಕೆ_ಮೈಕ್ರಾನ್

ಮೂವರೂ ಬೇರೆ ಬೇರೆ ಹೇಳಿದ್ದಕ್ಕೆ ಕಾರಣ ನಿಮ್ಮ ಅಂಕಿಗಳು ಗಡಿಯಲ್ಲಿ ಇರುವುದು. ಲೆಕ್ಕ ಮಾಡಿ ತೋರಿಸುತ್ತೇನೆ, 518 ಸರಿ ಎಂದೇ ಇಟ್ಟುಕೊಳ್ಳೋಣ.

ಒಂದು ಡಯಾಪ್ಟರ್ ಮೈನಸ್ ತೆಗೆಯಲು ಎಷ್ಟು ಆಳ ಕೆತ್ತಬೇಕು ಎನ್ನುವುದಕ್ಕೆ ಸರಳ ಸೂತ್ರ: ಲೇಸರ್ ಸರಿಪಡಿಸುವ ವೃತ್ತದ ವ್ಯಾಸದ ವರ್ಗವನ್ನು ಮೂರರಿಂದ ಭಾಗಿಸಿ. 6 ಮಿಲಿಮೀಟರ್ ವೃತ್ತಕ್ಕೆ 12 ಮೈಕ್ರಾನ್, 6.5ಕ್ಕೆ 14. ಈಗಿನ ಲೇಸರ್‌ಗಳು ಅಂಚನ್ನು ನಯವಾಗಿ ಸೇರಿಸುವುದರಿಂದ ಇನ್ನೂ ಸ್ವಲ್ಪ ಹೆಚ್ಚು ತೆಗೆಯುತ್ತವೆ, ಹಾಗಾಗಿ 15 ಎಂದು ಹಿಡಿಯಿರಿ. ಪವರ್ ಲೆಕ್ಕಕ್ಕೆ ಅತಿ ಬಲವಾದ ದಿಕ್ಕನ್ನು ತೆಗೆದುಕೊಳ್ಳಬೇಕು, ಅಂದರೆ ಸಿಲಿಂಡರ್ ಕೂಡಿಸಬೇಕು. ನಿಮ್ಮ ಎರಡೂ ಕಣ್ಣಿಗೆ ಅದು 6.25. ಆಳ ಸುಮಾರು 94 ಮೈಕ್ರಾನ್.

ಲೇಸಿಕ್: ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಕತ್ತರಿಸಿ (ಇದೇ ಫ್ಲಾಪ್) ಎತ್ತಿ, ಅದರ ಕೆಳಗೆ ಕೆತ್ತುತ್ತಾರೆ. ಫೆಮ್ಟೋಸೆಕೆಂಡ್ ಲೇಸರ್‌ನಲ್ಲಿ ಫ್ಲಾಪ್ 110 ಮೈಕ್ರಾನ್ ಎಂದರೆ 110 + 94 = 204. ಕೆಳಗೆ ಉಳಿಯುವುದು 314. ಉಳಿಕೆ 250ಕ್ಕಿಂತ ಕಡಿಮೆ ಆಗಲೇಬಾರದು, ಎಚ್ಚರಿಕೆಯ ಸರ್ಜನ್‌ಗಳು 300 ಕೇಳುತ್ತಾರೆ. ಅಷ್ಟು ಇದೆ. ಆದರೆ 204 ಎಂಬುದು 518ರಲ್ಲಿ ಶೇ. 39.4. ಬದಲಾದ ಅಂಗಾಂಶ ಶೇ. 40 ದಾಟಿದರೆ ಕಾರ್ನಿಯಾ ಮುಂದೆ ಉಬ್ಬುವ ಅಪಾಯ ಏರುತ್ತದೆ. ಫ್ಲಾಪ್ 120 ಆಗಿಬಿಟ್ಟರೆ ಶೇ. 41.3. ನಿಜವಾದ ದಪ್ಪ 510 ಎಂದು ತಿಳಿದರೆ 110ರ ಫ್ಲಾಪ್‌ನಲ್ಲೇ ಶೇ. 40. ಹಳೆಯ ಬ್ಲೇಡಿನಿಂದ ಫ್ಲಾಪ್ ಮಾಡುವ ಜಾಗದಲ್ಲಿ ದಪ್ಪ ಹೆಚ್ಚು ಕಡಿಮೆ ಆಗುವುದು ಇನ್ನೂ ಜಾಸ್ತಿ, ಈ ಕಣ್ಣಿಗೆ ಅದು ಬೇಡವೇ ಬೇಡ.

ಸ್ಮೈಲ್: ಫ್ಲಾಪ್ ಇಲ್ಲ. ಒಳಗೇ ಒಂದು ತೆಳು ತುಣುಕನ್ನು ಕತ್ತರಿಸಿ 2ರಿಂದ 4 ಮಿಲಿಮೀಟರ್ ಸೀಳಿನಿಂದ ಎಳೆದು ತೆಗೆಯುತ್ತಾರೆ. ಮೇಲಿನ ಪದರ ಸುಮಾರು 120. ತುಣುಕನ್ನು ಹರಿಯದಂತೆ ಹಿಡಿಯಲು ಅದಕ್ಕೆ ಕನಿಷ್ಠ ದಪ್ಪವೊಂದನ್ನು ಸೇರಿಸಬೇಕಾದ್ದರಿಂದ ಅಂಗಾಂಶ ಲೇಸಿಕ್‌ಗಿಂತ ಹೆಚ್ಚೇ ಹೋಗುತ್ತದೆ. 110ರಿಂದ 115 ಎಂದಿಟ್ಟುಕೊಂಡರೆ ಕೆಳಗೆ ಉಳಿಯುವುದು 285ರ ಸುತ್ತಮುತ್ತ. ಮೇಲಿನ ಪದರದ ನಾರುಗಳು ಬಹುಪಾಲು ಕತ್ತರಿಸದೆ ಉಳಿಯುವುದರಿಂದ ಅದರ ಬಲವೂ ಲೆಕ್ಕಕ್ಕೆ ಬರುತ್ತದೆ ಎನ್ನುವುದು ಸ್ಮೈಲ್ ಪರ ವಾದ. ವಾದದಲ್ಲಿ ಹುರುಳಿದೆ, ಆದರೆ ಅದನ್ನು ನೆಚ್ಚಿಕೊಂಡು ಗಡಿಯ ಕಣ್ಣಿಗೆ ಕೈಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪಿಆರ್‌ಕೆ: ಮೇಲಿನ ಸುಮಾರು 50 ಮೈಕ್ರಾನ್ ಎಪಿಥೀಲಿಯಂ (ಕಾರ್ನಿಯಾದ ಹೊರಪದರ) ಕೆರೆದು ತೆಗೆದು ನೇರ ಕೆತ್ತುತ್ತಾರೆ. ಅದು ಮತ್ತೆ ಬೆಳೆಯುತ್ತದೆ. 518 − 50 − 94 = 374. ಬಲದ ದೃಷ್ಟಿಯಿಂದ ಮೂರರಲ್ಲಿ ಇದೇ ಮೇಲು, ನನ್ನ ಒಲವೂ ಇದರ ಕಡೆಗೇ. ಬೆಲೆ ತೆರಬೇಕಾದ್ದು ಬೇರೆ ರೀತಿಯಲ್ಲಿ: ಮೊದಲ ಮೂರು ನಾಲ್ಕು ದಿನ ನಿಜಕ್ಕೂ ನೋವು, ನೀರು ಸುರಿಯುವುದು, ಬೆಳಕು ತಡೆಯಲಾಗದಿರುವುದು. ಗಾಯ ಮುಚ್ಚಿಡುವ ಬ್ಯಾಂಡೇಜ್ ಲೆನ್ಸ್ ಮೂರರಿಂದ ಐದು ದಿನ ಇರುತ್ತದೆ. ಓಡಾಡುವಷ್ಟು ನೋಟ ಒಂದು ವಾರದಲ್ಲಿ ಬಂದರೂ ಚೂಪು ಬರಲು ಒಂದರಿಂದ ಮೂರು ತಿಂಗಳು. ಈ ಆಳದ ಕೆತ್ತನೆಯಲ್ಲಿ ಕಾರ್ನಿಯಾ ಮಬ್ಬಾಗದಿರಲು 0.02% ಮೈಟೊಮೈಸಿನ್ ಕೆಲವು ಸೆಕೆಂಡು ಹಚ್ಚಿ ಚೆನ್ನಾಗಿ ತೊಳೆಯುತ್ತಾರೆ. ಆಮೇಲೆ ಸ್ಟೀರಾಯ್ಡ್ ಹನಿ ವಾರಗಟ್ಟಲೆ ಇರುವುದರಿಂದ ಕಣ್ಣಿನ ಒತ್ತಡ ನೋಡಿಸಿಕೊಳ್ಳುತ್ತಲೇ ಇರಬೇಕು, ಅದನ್ನು ತಪ್ಪಿಸುವಂತಿಲ್ಲ. ಬಿಸಿಲಿಗೆ ಹೋಗುವಾಗ ಕೆಲವು ತಿಂಗಳು ಅತಿನೇರಳೆ ತಡೆಯುವ ಕಪ್ಪು ಕನ್ನಡಕ ಕಡ್ಡಾಯ.

ವೃತ್ತವನ್ನು 6 ಮಿಲಿಮೀಟರ್‌ಗೆ ಇಳಿಸಿ ಅಂಗಾಂಶ ಉಳಿಸೋಣ ಎಂದು ಯಾರಾದರೂ ಹೇಳಬಹುದು. ಸುಮಾರು 13 ಮೈಕ್ರಾನ್ ಉಳಿಯುವುದು ನಿಜ. ಕತ್ತಲಲ್ಲಿ ನಿಮ್ಮ ಪಾಪೆ ಎಷ್ಟು ಅಗಲವಾಗುತ್ತದೆ ಎಂದು ಕೇಳಿ. 7 ಮಿಲಿಮೀಟರ್ ಆಗುವುದಾದರೆ ರಾತ್ರಿ ಎದುರು ವಾಹನದ ದೀಪದ ಸುತ್ತ ಉಂಗುರ, ಗೆರೆ ಕಾಣುವ ಸಾಧ್ಯತೆ ಹೆಚ್ಚು.

ಸಿಲಿಂಡರ್ ಬಗ್ಗೆಯೂ ಕೇಳಿ. ಮಲಗಿದಾಗ ಕಣ್ಣು ಕೆಲವು ಡಿಗ್ರಿ ತಿರುಗುತ್ತದೆ. ಎಡಗಣ್ಣಿನ 1.50ಕ್ಕೆ ಅದು ಮುಖ್ಯ. ಕೂತಿರುವಾಗಲೇ ಗುರುತು ಹಾಕುತ್ತಾರೋ, ಯಂತ್ರವೇ ಐರಿಸ್ (ಪಾಪೆ ಸುತ್ತಲಿನ ಬಣ್ಣದ ಭಾಗ) ಗುರುತಿಸಿ ಸರಿದೂಗಿಸುತ್ತದೋ?

ಕಣ್ಣೀರು_ಪದರ

ಉಳಿಕೆ_ಮೈಕ್ರಾನ್ ಅವರ ಲೆಕ್ಕ ಸರಿಯಾಗಿದೆ. ಒಂದು ಮಾತು ಮಾತ್ರ ಸೇರಿಸಬೇಕು: ಶೇ. 40 ಗೋಡೆಯಲ್ಲ. ನಕ್ಷೆ ಪೂರ್ತಿ ಸಹಜವಾಗಿರುವ ಕಣ್ಣಿನಲ್ಲಿ ಅಪಾಯ ಅಳೆಯಲು ಇಟ್ಟುಕೊಂಡ ಗುರುತು ಅದು. ನಕ್ಷೆಯಲ್ಲೇ ಅನುಮಾನ ಇದ್ದರೆ ಶೇ. 30 ಆದರೂ ಲೇಸಿಕ್ ಬೇಡ.

ನಾನು ಹೇಳಬೇಕೆಂದಿರೋದು ಸಂಜೆಯ ಉರಿ ಬಗ್ಗೆ. ಅದನ್ನ ಲೆನ್ಸ್ ತಲೆಗೆ ಕಟ್ಟಿ ‘ಲೇಸರ್ ಮಾಡಿಸಿದ್ರೆ ಹೋಗುತ್ತೆ’ ಅಂತ ಅಂದ್ಕೋಬೇಡಿ. ಕಾರ್ನಿಯಾದ ನರಗಳು ಕಣ್ಣೀರು ಬೇಕು ಅಂತ ಸುದ್ದಿ ಕಳಿಸ್ತವೆ. ಫ್ಲಾಪ್ ಕತ್ತರಿಸುವಾಗ ಆ ನರಗಳೂ ತುಂಡಾಗ್ತವೆ, ಮತ್ತೆ ಬೆಳೆಯೋಕೆ ಆರು ತಿಂಗಳಿಂದ ಒಂದು ವರ್ಷ. ಈಗಾಗಲೇ ಒಣಗಿರೋ ಕಣ್ಣು ಆ ಅವಧಿಯಲ್ಲಿ ಇನ್ನೂ ಒಣಗುತ್ತೆ. ಸ್ಮೈಲ್‌ನಲ್ಲಿ ಸೀಳು ಚಿಕ್ಕದಾದ್ದರಿಂದ ಇದು ಕಡಿಮೆ, ಆ ಒಂದು ವಿಷಯದಲ್ಲಿ ಸ್ಮೈಲ್ ನಿಜಕ್ಕೂ ಮುಂದಿದೆ.

ಮೂರು ಪರೀಕ್ಷೆ ಕೇಳಿ. ಶಿರ್ಮರ್ ಕಾಗದ (ಕೆಳರೆಪ್ಪೆಗೆ ಸಿಕ್ಕಿಸುವ ಪಟ್ಟಿ): ಐದು ನಿಮಿಷದಲ್ಲಿ 10 ಮಿಲಿಮೀಟರ್‌ಗಿಂತ ಕಡಿಮೆ ನೆನೆದರೆ ಕಣ್ಣೀರು ಕಮ್ಮಿ, 5ಕ್ಕಿಂತ ಕಡಿಮೆ ಅಂದರೆ ತೀವ್ರ. ಕಣ್ಣೀರ ಪದರ ಒಡೆಯುವ ಸಮಯ: ರೆಪ್ಪೆ ಬಡಿಯದೆ 10 ಸೆಕೆಂಡಾದರೂ ನಿಲ್ಲಬೇಕು. ಮೂರನೆಯದು ರೆಪ್ಪೆ ಅಂಚಿನ ಎಣ್ಣೆ ಗ್ರಂಥಿಗಳು. ಒತ್ತಿದಾಗ ತಿಳಿ ಎಣ್ಣೆ ಬರಬೇಕು, ಗಟ್ಟಿ ಬಿಳಿ ಪೇಸ್ಟ್ ಬಂದರೆ ಅಲ್ಲೇ ಮೂಲ ಇದೆ. ಬಹಳಷ್ಟು ಜನರಿಗೆ ನೀರು ಕಡಿಮೆ ಇರೋದಿಲ್ಲ, ಎಣ್ಣೆ ಕೆಟ್ಟು ನೀರು ಬೇಗ ಆರಿಹೋಗುತ್ತೆ ಅಷ್ಟೇ.

ಎಣ್ಣೆಯ ತೊಂದರೆ ಆದರೆ: ಸುಮಾರು 40 ಡಿಗ್ರಿ ಬಿಸಿ ಶಾಖ, ಮುಚ್ಚಿದ ರೆಪ್ಪೆ ಮೇಲೆ ಪೂರ್ತಿ ಹತ್ತು ನಿಮಿಷ. ಒದ್ದೆ ಬಟ್ಟೆ ಎರಡು ನಿಮಿಷಕ್ಕೇ ತಣ್ಣಗಾಗುತ್ತೆ, ಆದ್ದರಿಂದ ಬಿಸಿ ಹಿಡಿದಿಟ್ಟುಕೊಳ್ಳುವ ಮಾಸ್ಕ್ ಬಳಸಿ. ಆಮೇಲೆ ಮೇಲಿನ ರೆಪ್ಪೆ ಕೆಳಮುಖವಾಗಿ, ಕೆಳಗಿನದು ಮೇಲ್ಮುಖವಾಗಿ ಮೆಲ್ಲಗೆ ನೀವಬೇಕು. ಕಣ್ಣುಗುಡ್ಡೆ ಒತ್ತಬಾರದು. ದಿನಾ ಮಾಡಿದರೂ ಗುಣ ಕಾಣೋಕೆ ನಾಲ್ಕು ವಾರ ಬೇಕು. ಕೃತಕ ಕಣ್ಣೀರು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದೇ ತಗೊಳ್ಳಿ. ಬೆಂಜಾಲ್ಕೋನಿಯಂ ಅನ್ನೋ ಪ್ರಿಸರ್ವೇಟಿವ್ ಇರುವ ಹನಿಯನ್ನು ಲೆನ್ಸ್ ಮೇಲೆ ಹಾಕಲೇಬೇಡಿ, ಸಾಫ್ಟ್ ಲೆನ್ಸ್ ಅದನ್ನು ಹೀರಿಕೊಂಡು ದಿನವಿಡೀ ಕಣ್ಣಿಗೆ ಬಿಡ್ತಾ ಇರುತ್ತೆ.

ಇದು ಬರೀ ಆರಾಮದ ಪ್ರಶ್ನೆ ಅಲ್ಲ. ಒಣಗಿದ ಮೇಲ್ಮೈಯಲ್ಲಿ ತೆಗೆದ ನಕ್ಷೆ, ಸಿಲಿಂಡರ್ ಎರಡೂ ತಪ್ಪಾಗ್ತವೆ. ಮೊದಲು ಕಣ್ಣೀರ ಪದರ ಸರಿಮಾಡ್ಕೊಳ್ಳಿ, ಆಮೇಲೆ ಅಳತೆ. ಮೊಡವೆಗೆ ಐಸೊಟ್ರೆಟಿನಾಯಿನ್ ತಗೊಳ್ತಾ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ, ನಿಲ್ಲಿಸಿ ಆರು ತಿಂಗಳು ಕಾಯಬೇಕಾಗುತ್ತೆ. ಬಸಿರು, ಬಾಣಂತನದಲ್ಲೂ ಪವರ್ ಅಲುಗಾಡೋದರಿಂದ ಆಪರೇಷನ್ ಮುಂದೂಡ್ತಾರೆ.

ಮೈನಸ್_ಐದೂಕಾಲು

ತುಂಬಾ ಧನ್ಯವಾದ. ಮೂರು ವಾರ ಲೆನ್ಸ್ ಬಿಟ್ಟು ಮತ್ತೆ ಅಳತೆ ಕೊಡುತ್ತೇನೆ. ಆದರೆ ಕನ್ನಡಕ ಹಾಕಿದಾಗ ಎಲ್ಲ ಚಿಕ್ಕದಾಗಿ, ನೆಲ ಬಾಗಿದ ಹಾಗೆ ಕಾಣುತ್ತದೆ. ಇದು ಪವರ್ ತಪ್ಪಿರುವುದರಿಂದಲಾ? ಮತ್ತೆ ಲೆನ್ಸ್‌ಗೇ ಮರಳಬೇಕಾದರೆ ಏನು ಬದಲಿಸಬೇಕು?

ಲೆನ್ಸ್_ಡಬ್ಬಿ

ಕನ್ನಡಕದ್ದು ತಪ್ಪಲ್ಲ. ಮೈನಸ್ ಗಾಜು ಕಣ್ಣಿನಿಂದ 12 ಮಿಲಿಮೀಟರ್ ದೂರದಲ್ಲಿ ಕೂತು ಬಿಂಬವನ್ನು ಕುಗ್ಗಿಸುತ್ತದೆ. ಚಿಕ್ಕ ಫ್ರೇಮ್, ಕಣ್ಣಿಗೆ ಹತ್ತಿರ ಕೂರುವ ಹಾಗೆ ಮೂಗಿನ ಪ್ಯಾಡ್ ಹೊಂದಿಸಿಕೊಂಡರೆ ಕಡಿಮೆಯಾಗುತ್ತದೆ. ಜಾರಿ ಕೆಳಗಿಳಿದರೆ ಮೈನಸ್ ಪರಿಣಾಮವೂ ತಗ್ಗುತ್ತದೆ.

ಇದೇ ಕಾರಣಕ್ಕೆ ಕನ್ನಡಕದ ಪವರ್ ಮತ್ತು ಲೆನ್ಸ್ ಪವರ್ ಒಂದೇ ಅಲ್ಲ. ನಿಮ್ಮ ಡಬ್ಬಿ ಮೇಲಿನ ಅಂಕಿ ನೋಡಿ. ಬಲಕ್ಕೆ ಸುಮಾರು −5.00 / −0.75 × 170, ಎಡಕ್ಕೆ −4.50 / −1.25 × 10 ಇರಬೇಕು. ಕನ್ನಡಕದ ಚೀಟಿಯನ್ನೇ ಹಾಗೆಯೇ ಬರೆದುಕೊಟ್ಟಿದ್ದರೆ ದಿನವಿಡೀ ಹೆಚ್ಚು ಮೈನಸ್ ಹೊತ್ತು ಕಣ್ಣು ದಣಿಯುತ್ತಿದೆ ಎಂದರ್ಥ.

‘ಒಮ್ಮೆ ಸ್ಪಷ್ಟ ಒಮ್ಮೆ ಮಸುಕು’ ಎಂದಿರಲ್ಲ, ಅದು ಟೋರಿಕ್ ತಿರುಗುತ್ತಿರುವ ಲಕ್ಷಣ ಇರಬಹುದು. 10 ಡಿಗ್ರಿ ತಿರುಗಿದರೆ ಸಿಲಿಂಡರ್‌ನ ಮೂರನೇ ಒಂದು ಭಾಗ ವ್ಯರ್ಥ, 30 ಡಿಗ್ರಿಗೆ ಪ್ರಯೋಜನವೇ ಇಲ್ಲ. ಲೆನ್ಸ್ ಒಣಗಿದಾಗ ರೆಪ್ಪೆ ಅದನ್ನು ಎಳೆದಾಡುತ್ತದೆ, ಆದ್ದರಿಂದಲೇ ಸಂಜೆ ಜಾಸ್ತಿ. ಲೆನ್ಸ್ ಕೂತಿರುವುದನ್ನು ನೋಡಿಸುವ ತಪಾಸಣೆಗೆ ಬೆಳಿಗ್ಗೆ ಹೋಗಬೇಡಿ, ಎಂಟು ಗಂಟೆ ಹಾಕಿದ ಮೇಲೆ ಹೋಗಿ. ಸ್ಲಿಟ್ ಲ್ಯಾಂಪ್‌ನಲ್ಲಿ ಲೆನ್ಸ್‌ನ ಗುರುತು ಎಲ್ಲಿ ನಿಂತಿದೆ ಎಂದು ಅಳೆಯುತ್ತಾರೆ. ನೋಡುವವರ ಎಡಕ್ಕೆ ಸರಿದಿದ್ದರೆ ಅಷ್ಟು ಡಿಗ್ರಿ ಆಕ್ಸಿಸ್‌ಗೆ ಕೂಡಿಸಬೇಕು, ಬಲಕ್ಕಾದರೆ ಕಳೆಯಬೇಕು. ಒಂದೇ ಕಡೆ ಸ್ಥಿರವಾಗಿ ಸರಿದಿದ್ದರೆ ಮಾತ್ರ ಈ ತಿದ್ದುಪಡಿ. ಅತ್ತಿತ್ತ ಓಡಾಡುತ್ತಿದ್ದರೆ ಬೇರೆ ವಿನ್ಯಾಸದ ಲೆನ್ಸೇ ಬೇಕು.

ನಿಮ್ಮ ಲೆನ್ಸ್ ಹಳೆಯ ಹೈಡ್ರೋಜೆಲ್ ಆಗಿದ್ದರೆ ಆಮ್ಲಜನಕ ಹೆಚ್ಚು ಹಾಯಿಸುವ ಸಿಲಿಕೋನ್ ಹೈಡ್ರೋಜೆಲ್‌ಗೆ ಹೋಗಿ. ಡಬ್ಬಿ ಮೇಲಿನ ಆಮ್ಲಜನಕದ ಅಂಕಿಯನ್ನು ಸಾಮಾನ್ಯವಾಗಿ −3.00 ಲೆನ್ಸ್‌ನ ನಡುಭಾಗದಲ್ಲಿ ಅಳೆದಿರುತ್ತಾರೆ. ನಿಮ್ಮದು ಅದಕ್ಕಿಂತ ಹೆಚ್ಚಿನ ಪವರ್, ಅಂಚು ದಪ್ಪ, ಜೊತೆಗೆ ಟೋರಿಕ್ ಕೆಳಕ್ಕೆ ಭಾರ ಇಟ್ಟಿರುತ್ತದೆ. ಕರಿಗುಡ್ಡೆಯ ಕೆಳ ಅಂಚಿನಲ್ಲಿ ಸಣ್ಣ ರಕ್ತನಾಳ ಒಳಕ್ಕೆ ಹರಿದಿದೆಯಾ ಎಂದು ಕೇಳಿ ನೋಡಿಸಿ. ಸಾಧ್ಯವಾದರೆ ದಿನಕ್ಕೊಂದು ಬಿಸಾಡುವ ಟೋರಿಕ್ ಎಲ್ಲಕ್ಕಿಂತ ಮೇಲು: ತೊಳೆಯುವ, ಡಬ್ಬಿಯ ತಾಪತ್ರಯವೇ ಇಲ್ಲ, ಲೆನ್ಸ್ ಮೇಲೆ ಪದರ ಕಟ್ಟುವುದಿಲ್ಲ.

ತಿಂಗಳ ಲೆನ್ಸೇ ಆದರೆ ಈ ಕ್ರಮ ತಪ್ಪಬೇಡಿ. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ, ಒದ್ದೆ ಕೈ ಬೇಡ. ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು ಸೊಲ್ಯೂಶನ್ ಹನಿಸಿ ಎರಡೂ ಬದಿ ಬೆರಳ ತುದಿಯಿಂದ ಉಜ್ಜಿ. ‘ಉಜ್ಜುವ ಅಗತ್ಯವಿಲ್ಲ’ ಎಂದು ಬಾಟಲಿ ಮೇಲೆ ಬರೆದಿದ್ದರೂ ಉಜ್ಜಿ. ಸೊಲ್ಯೂಶನ್‌ನಲ್ಲೇ ಜಾಲಿಸಿ, ಡಬ್ಬಿಗೆ ಪ್ರತಿಸಲ ಹೊಸದು ತುಂಬಿ. ನಿನ್ನೆಯದರ ಮೇಲೆ ಸುರಿದರೆ ಕ್ರಿಮಿ ಕೊಲ್ಲುವ ಶಕ್ತಿ ಇಳಿದುಹೋಗುತ್ತದೆ. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ, ಸೊಲ್ಯೂಶನ್‌ನಲ್ಲೇ ತೊಳೆದು, ಒರೆಸಿ, ಮುಚ್ಚಳ ತೆಗೆದು ಮಗುಚಿ ಒಣಗಿಸಿ. ಮೂರು ತಿಂಗಳಿಗೆ ಹೊಸ ಡಬ್ಬಿ. ಬರೀ ಸಲೈನ್ ಕ್ರಿಮಿ ಕೊಲ್ಲುವುದಿಲ್ಲ.

ಸಂಜೆಯ ಉರಿಗೆ ಸೊಲ್ಯೂಶನ್‌ನ ರಾಸಾಯನಿಕವೇ ಕಾರಣವಿದ್ದರೆ 3% ಹೈಡ್ರೋಜನ್ ಪೆರಾಕ್ಸೈಡ್ ವಿಧಾನ ಒಳ್ಳೆಯದು. ಅದರದೇ ಉದ್ದ ಡಬ್ಬಿಯಲ್ಲಿ ಪೂರ್ತಿ ಆರು ಗಂಟೆ ಇಡಬೇಕು, ಆಗಲೇ ಅದು ನೀರಾಗುವುದು. ಅವಸರದಲ್ಲಿ ಬಾಟಲಿಯಿಂದ ನೇರ ಲೆನ್ಸ್ ಮೇಲೆ ಹನಿಸಿ ಕಣ್ಣಿಗೆ ಹಾಕಿದರೆ ಕಾರ್ನಿಯಾ ಸುಡುತ್ತದೆ. ಬೇರೆ ಸಾದಾ ಡಬ್ಬಿಯಲ್ಲಿ ಹಾಕಿದರೂ ಅಷ್ಟೇ.

ನಲ್ಲಿ ನೀರು, ಸ್ನಾನ, ಈಜುಕೊಳ ಯಾವುದೂ ಲೆನ್ಸ್‌ಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ. ಲೆನ್ಸ್ ಹಾಕಿ ನಿದ್ದೆ ಮಾಡುವುದು ಕಾರ್ನಿಯಾ ಸೋಂಕಿನ ಅಪಾಯವನ್ನು ಆರೆಂಟು ಪಟ್ಟು ಹೆಚ್ಚಿಸುತ್ತದೆ, ಮಧ್ಯಾಹ್ನದ ಜೋಂಪೂ ಸೇರಿ. ನೋವು, ಕೆಂಪು, ಬೆಳಕು ಚುಚ್ಚುವುದು, ನೋಟ ಇಳಿಯುವುದು ಇವುಗಳಲ್ಲಿ ಒಂದು ಬಂದರೂ ಲೆನ್ಸ್ ತೆಗೆದು ಅದೇ ದಿನ ವೈದ್ಯರ ಬಳಿ ಹೋಗಿ. ಲೆನ್ಸ್ ಮತ್ತು ಡಬ್ಬಿ ಬಿಸಾಡದೆ ಜೊತೆಗೆ ಒಯ್ಯಿರಿ, ಯಾವ ಕ್ರಿಮಿ ಎಂದು ಅದರಿಂದ ಬೆಳೆಸಿ ನೋಡಬಹುದು. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಹಾಕಿಕೊಂಡರೆ ಉರಿ ತಗ್ಗಿ ಸೋಂಕು ಒಳಗೇ ಹರಡುತ್ತದೆ.

ಉಳಿಕೆ_ಮೈಕ್ರಾನ್

ಎರಡು ವಿಷಯ ಬಿಟ್ಟುಹೋಗಿತ್ತು.

ಮರು ಅಳತೆಯಲ್ಲಿ ದಪ್ಪ 500ಕ್ಕಿಂತ ಇಳಿದರೆ, ಅಥವಾ ನಕ್ಷೆಯಲ್ಲಿ ಅನುಮಾನ ಬಂದರೆ, ಕಾರ್ನಿಯಾ ಕೆತ್ತದೆ ಕಣ್ಣೊಳಗೆ ಲೆನ್ಸ್ ಇಡುವ ಐಸಿಎಲ್ ಇದೆ. ಅದಕ್ಕೆ ಮುಂಭಾಗದ ಕೋಣೆಯ ಆಳ ಸುಮಾರು 2.8ರಿಂದ 3 ಮಿಲಿಮೀಟರ್ ಆದರೂ ಇರಬೇಕು, ಎಂಡೋಥೀಲಿಯಂ (ಕಾರ್ನಿಯಾದ ಒಳಪದರ) ಜೀವಕೋಶಗಳ ಎಣಿಕೆ ಮಾಡಿಸಬೇಕು, ಆಮೇಲೂ ವರ್ಷಕ್ಕೊಮ್ಮೆ ನೋಡಿಸಬೇಕು. ಬೇಡವಾದರೆ ತೆಗೆಯಬಹುದು.

ಎರಡನೆಯದು: ಯಾವುದನ್ನೇ ಮಾಡಿಸಿದರೂ ಮೈನಸ್ ಕಣ್ಣಿನ ಉದ್ದ ಹಾಗೇ ಇರುತ್ತದೆ. ಪಾಪೆ ಹಿಗ್ಗಿಸಿ ರೆಟಿನಾ ಅಂಚಿನವರೆಗೂ ನೋಡಿಸಿ, ತೆಳುವಾದ ಜಾಗ ಅಥವಾ ತೂತು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಕನ್ನಡಕ ಹೋಯಿತು ಎಂದು ರೆಟಿನಾ ತಪಾಸಣೆ ಬಿಡಬೇಡಿ. ಮಿಂಚು, ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಹೋಗಬೇಕು. ನಲವತ್ತರ ನಂತರ ಚಾಳೀಸು ಎಲ್ಲರಂತೆ ಬರುತ್ತದೆ, ಲೇಸರ್ ಅದನ್ನು ತಡೆಯುವುದಿಲ್ಲ.

ಆಪರೇಷನ್‌ಗೆ ಮುಂಚಿನ ಪವರ್, ಕಾರ್ನಿಯಾ ಬಾಗು, ದಪ್ಪ, ಎಷ್ಟು ಮೈಕ್ರಾನ್ ತೆಗೆದರು, ಈ ನಾಲ್ಕನ್ನು ಬರಹದಲ್ಲಿ ಪಡೆದು ಜೋಪಾನವಾಗಿಡಿ. ಮುಂದೆ ಕಣ್ಣಿನ ಪೊರೆ ಬಂದಾಗ ಒಳಗಿಡುವ ಲೆನ್ಸ್‌ನ ಪವರ್ ಲೆಕ್ಕಕ್ಕೆ ಅವು ಬೇಕು. ಕೆತ್ತಿದ ಕಾರ್ನಿಯಾದ ಬಾಗನ್ನು ಮುಂಬದಿಯಿಂದ ಮಾತ್ರ ಅಳೆದರೆ ಲೆಕ್ಕ ತಪ್ಪಿ ಪ್ಲಸ್ ಪವರ್ ಉಳಿದುಬಿಡುತ್ತದೆ. ಗ್ಲಾಕೋಮಾ ತಪಾಸಣೆಯಲ್ಲೂ ತೆಳುವಾದ ಕಾರ್ನಿಯಾ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಣ್ಣು ನೋಡುವ ಪ್ರತಿಯೊಬ್ಬ ವೈದ್ಯರಿಗೂ ಲೇಸರ್ ಆಗಿದೆ ಎಂದು ಮೊದಲೇ ಹೇಳಿ.